ಕೊನೆಯ ಕಲ್ಲಿಗೆ ಸಾಕ್ಷಿ ಯಾರು?

ಅಪ್ಪನ ದಿನಸಿ ಅಂಗಡಿಯಲ್ಲಿ ತೂಕದ ಕಲ್ಲುಗಳು ಇರುತ್ತಿದ್ದದ್ದು ಗಲ್ಲಾಪೆಟ್ಟಿಗೆಯ ಬಲಕ್ಕೆ, ಒಂದು ಹಲಗೆಯ ಮೇಲೆ, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ. ಎರಕದ ಕಬ್ಬಿಣದವಾದರೂ ನಮ್ಮ ಬಾಯಲ್ಲಿ ಅವು ಕಲ್ಲುಗಳೇ. ಆರು ಮೂಲೆಯ ಎರಡು ಕೆಜಿ ಕಲ್ಲನ್ನು ಬೋರಲು ಹಾಕಿದರೆ ಅಡಿಯಲ್ಲೊಂದು ಗುಳಿ, ಗುಳಿಯ ತುಂಬ ಸೀಸ, ಸೀಸದ ಮೇಲೆ ಸರ್ಕಾರದ ಮುದ್ರೆ. ಶಾಲೆಯಿಂದ ಬಂದವಳು ಅಂಗಡಿಯಲ್ಲಿ ಕೂತು ಆ ಸೀಸವನ್ನು ಉಗುರಿನಿಂದ ಗೀರುತ್ತಿದ್ದೆ. ಕಬ್ಬಿಣಕ್ಕೆ ಏನೂ ಮಾಡಲಾಗದ ಉಗುರು ಸೀಸದ ಮೇಲೆ ತೆಳ್ಳಗೆ ಗೆರೆ ಮೂಡಿಸುತ್ತಿತ್ತು. ಅಪ್ಪ ಕಂಡರೆ ಗದರುತ್ತಿದ್ದರು. "ಅದನ್ನ ಮುಟ್ಟಬೇಡ ಮಗಳೇ. ಅದು ಹೋದ್ರೆ ನಮ್ಮ ಮಾತು ಹೋದ ಹಾಗೆ."

ನಮ್ಮದು ತಿಪಟೂರು. ಕೊಬ್ಬರಿ ವ್ಯಾಪಾರದ ಊರಾದ್ದರಿಂದ ತೂಕದ ವಿಷಯದಲ್ಲಿ ಎಲ್ಲರ ಕಿವಿಯೂ ಚುರುಕು. ಅವಧಿ ಮುಗಿದಾಗಲೆಲ್ಲ ಅಪ್ಪ ಕಲ್ಲುಗಳನ್ನು ಗೋಣಿಚೀಲಕ್ಕೆ ತುಂಬಿ, ಸೈಕಲ್ ಕ್ಯಾರಿಯರ್‌ಗೆ ಬಿಗಿದು ಮುದ್ರೆ ಹಾಕಿಸಲು ಹೊರಡುತ್ತಿದ್ದರು. ಒಮ್ಮೆ ನಾನೂ ಹಿಂದೆ ಹೋದೆ. ಊರಿನ ಅಂಗಡಿಯವರೆಲ್ಲ ಚೀಲ ಹಿಡಿದು ಸಾಲಾಗಿ ನಿಂತಿದ್ದರು. ತೂಕ ಮತ್ತು ಅಳತೆಯ ಇನ್‌ಸ್ಪೆಕ್ಟರ್ ಮೇಜಿನ ಮೇಲೆ ಮರದ ಪೆಟ್ಟಿಗೆ ತೆರೆದಿಟ್ಟುಕೊಂಡಿದ್ದರು. ಒಳಗೆ ಬಟ್ಟೆ ಹೊದಿಸಿದ ಗುಳಿಗಳಲ್ಲಿ ಹೊಳೆಯುವ ಹಿತ್ತಾಳೆ ಕಲ್ಲುಗಳು. ಬರಿಗೈಯಲ್ಲಿ ಅವರು ಅವನ್ನು ಮುಟ್ಟಲಿಲ್ಲ, ಬಟ್ಟೆಯಲ್ಲಿ ಹಿಡಿದೇ ಎತ್ತಿದರು. ಒಂದು ತಟ್ಟೆಯಲ್ಲಿ ಅವರ ಕಲ್ಲು, ಇನ್ನೊಂದರಲ್ಲಿ ನಮ್ಮದು. ಒಂದು ಕೆಜಿ ಸರಿಯಾಯಿತು, ಅರ್ಧ ಕೆಜಿ ಸರಿಯಾಯಿತು. ಎರಡು ಕೆಜಿ ಇಟ್ಟಾಗ ನಮ್ಮ ತಟ್ಟೆ ಮೆಲ್ಲಗೆ ಮೇಲೆದ್ದಿತು.

ಅಡಿಯ ಸೀಸದ ಒಂದು ಚೂರು ಯಾವಾಗಲೋ ಕಳಚಿಬಿದ್ದಿತ್ತು. ಐದಾರು ಗ್ರಾಂ ಕಡಿಮೆ. ಇನ್‌ಸ್ಪೆಕ್ಟರ್ ಒಳ್ಳೆಯವರು, ಬೈಯಲಿಲ್ಲ. "ಸವೆದಿದೆ, ಸರಿ ಮಾಡಿಸ್ಕೊಂಡು ಬನ್ನಿ" ಎಂದಷ್ಟೇ ಹೇಳಿದರು. ಹೊರಗೆ ರಿಪೇರಿಯವನು ಇದ್ದಿಲ ಒಲೆಯ ಮೇಲೆ ಕಬ್ಬಿಣದ ಸೌಟಿನಲ್ಲಿ ಸೀಸ ಕಾಯಿಸುತ್ತಿದ್ದ. ಕರಗಿದ ಸೀಸದ ಮೇಲೆ ಬೂದುಬಣ್ಣದ ಕೆನೆ ಕಟ್ಟಿತ್ತು. ಅದನ್ನು ಕಡ್ಡಿಯಿಂದ ಸರಿಸಿದಾಗ ಒಳಗಿನದು ಕನ್ನಡಿಯಂತೆ ಮಿಂಚಿತು. ಗುಳಿಗೆ ಸುರಿದ, ಆರಿದ ಮೇಲೆ ಅರದಿಂದ ಉಜ್ಜಿದ, ತೂಗಿದ, ಮತ್ತೆ ಉಜ್ಜಿದ. ಅಪ್ಪ ಪಕ್ಕದಲ್ಲಿ ನಿಂತು ಒಂದೇ ಮಾತನ್ನು ಎರಡು ಮೂರು ಸಲ ಹೇಳಿದರು: "ಎಷ್ಟು ದಿನದಿಂದ ಹೀಗಿತ್ತೋ."

ಆಮೇಲೆ ತಿಂಗಳುಗಟ್ಟಲೆ ಅಪ್ಪ ಎರಡು ಕೆಜಿ ಕೊಂಡವರಿಗೆಲ್ಲ ಒಂದು ಹಿಡಿ ಕೊಸರು ಹಾಕಿದರು. ಯಾಕೆಂದು ಗಿರಾಕಿಗಳಿಗೆ ಹೇಳಲಿಲ್ಲ.

ಮುದ್ರೆ ಹಾಕಿಸಿ ಮನೆಗೆ ಬರುವಾಗ ನಾನು ಕೇಳಿದ್ದೆ: "ಅಪ್ಪ, ಆ ಸಾಹೇಬರ ಕಲ್ಲು ಸರಿ ಇದೆ ಅಂತ ಯಾರು ಹೇಳ್ತಾರೆ?" ಬೆಂಗಳೂರಲ್ಲಿ ಇನ್ನೊಂದು ಕಲ್ಲಿರುತ್ತದೆ ಎಂದರು. ಅದಕ್ಕೆ? ದಿಲ್ಲಿಯಲ್ಲಿ ಇರುತ್ತದೆ. ಅದಕ್ಕೆ? ಅಪ್ಪ ಸೈಕಲ್ ತಳ್ಳುತ್ತಾ ಸುಮ್ಮನಾದರು. ಅವರಿಗೂ ಗೊತ್ತಿರಲಿಲ್ಲ.

ಇವತ್ತು ನಾನು ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸುತ್ತೇನೆ. ಮೊದಲ ಪಾಠವೇ ಮಾನಗಳು ಮತ್ತು ಅಳತೆ. ಎರಡು ತರಗತಿಯಲ್ಲಿ ಮುಗಿಸಿ ಮುಂದೆ ಓಡುವುದು ರೂಢಿ. ನನಗೆ ಅಲ್ಲಿಂದ ಕಾಲೇ ಕೀಳುವುದಿಲ್ಲ, ಏಕೆಂದರೆ ಅಂದು ಕೇಳಿ ಉತ್ತರ ಸಿಗದ ಪ್ರಶ್ನೆ ಅಲ್ಲೇ ಇದೆ. ಅಪ್ಪ ಹೇಳಿದ್ದು ಬಹುಮಟ್ಟಿಗೆ ನಿಜವೂ ಆಗಿತ್ತು. ಇನ್‌ಸ್ಪೆಕ್ಟರ ಕಲ್ಲಿಗೆ ಅದಕ್ಕಿಂತ ಮೇಲಿನ ದರ್ಜೆಯ ಕಲ್ಲು ಸಾಕ್ಷಿ, ಅದಕ್ಕೆ ಬೆಂಗಳೂರಿನ ಪ್ರಾದೇಶಿಕ ಪ್ರಯೋಗಾಲಯದ ಕಲ್ಲು, ಅದಕ್ಕೆ ದಿಲ್ಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿದ್ದ, 57 ಎಂಬ ಸಂಖ್ಯೆ ಹೊತ್ತ ಪ್ಲಾಟಿನಂ-ಇರಿಡಿಯಂ ಕಲ್ಲು. ಆ 57ಕ್ಕೆ ಸಾಕ್ಷಿ ಪ್ಯಾರಿಸ್ ಪಕ್ಕದ ಸೆವ್ರ್ ಎಂಬಲ್ಲಿ, ನೆಲಮಾಳಿಗೆಯ ತಿಜೋರಿಯಲ್ಲಿತ್ತು. ಅದರಾಚೆ ಏನೂ ಇರಲಿಲ್ಲ. ಅದೇ ಕೊನೆಯ ಕಲ್ಲು.

ಅದು ಅಲ್ಲಿಗೆ ಹೇಗೆ ಬಂತು ಎಂಬುದಕ್ಕೆ 1789ರ ಫ್ರಾನ್ಸಿಗೆ ಹೋಗಬೇಕು. ಕ್ರಾಂತಿಗೆ ಮುಂಚೆ ಹಳ್ಳಿಹಳ್ಳಿಗಳಿಂದ ದೊರೆಗೆ ಬಂದ ಅಹವಾಲುಗಳಲ್ಲಿ ತೆರಿಗೆಯ ಗೋಳಿನ ಜೊತೆಗೆ ಅಳತೆಯ ಗೋಳೂ ಮತ್ತೆ ಮತ್ತೆ ಬರುತ್ತದೆ. ಒಂದೇ ಹೆಸರಿನ ಕೊಳಗ ಈ ಊರಿನಲ್ಲಿ ಒಂದು ಗಾತ್ರ, ಪಕ್ಕದ ಊರಿನಲ್ಲಿ ಇನ್ನೊಂದು. ಗೇಣಿ ಧಾನ್ಯ ಅಳೆಯುವ ಪಾತ್ರೆ ಜಮೀನ್ದಾರನ ಕೈಯಲ್ಲಿ. ಪಾತ್ರೆ ಒಂದೇ ಆದರೂ ತುಂಬುವ ರೀತಿ ಬೇರೆ ಬೇರೆ. ಬಾಯಿ ಮೀರಿ ಗೋಪುರದಂತೆ ತುಂಬುವುದೋ, ಕೋಲಿನಿಂದ ಬಾಯಿ ಸವರುವುದೋ? ಕಾಳನ್ನು ಸೊಂಟದೆತ್ತರದಿಂದ ಸುರಿಯುವುದೋ, ಭುಜದೆತ್ತರದಿಂದಲೋ? ಎತ್ತರದಿಂದ ಬಿದ್ದ ಕಾಳು ಒತ್ತಾಗಿ ಕೂರುತ್ತದೆ, ಹೆಚ್ಚು ಹಿಡಿಯುತ್ತದೆ. ರಾಗಿ ಅಳೆದವರಿಗೆ, ಅಳೆಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಅಹವಾಲುಗಳಲ್ಲಿ ರೈತರು ಕೇಳಿಕೊಂಡದ್ದು ಒಬ್ಬ ದೊರೆ, ಒಂದು ಕಾನೂನು, ಒಂದು ತೂಕ, ಒಂದು ಅಳತೆ. ಮೆಟ್ರಿಕ್ ಪದ್ಧತಿಯನ್ನು ಪ್ರಯೋಗಶಾಲೆಯ ಕೂಸು ಎಂದೇ ಮಕ್ಕಳು ತಿಳಿದಿರುತ್ತಾರೆ. ಅದರ ಬೇರು ಇರುವುದು ಕಣದಲ್ಲಿ, ಕಾಳಿನ ರಾಶಿಯ ಪಕ್ಕದಲ್ಲಿ ಎಂದು ನಾನು ಪ್ರತಿವರ್ಷ ಹೇಳುತ್ತೇನೆ.

ಯಾವ ದೊರೆಯ ಕಾಲಿಗೂ ಕೈಗೂ ಸೇರದ ಅಳತೆ ಬೇಕೆಂದು ವಿಜ್ಞಾನಿಗಳು ಭೂಮಿಯನ್ನೇ ಹಿಡಿದರು. ಉತ್ತರ ಧ್ರುವದಿಂದ ಸಮಭಾಜಕ ವೃತ್ತದವರೆಗಿನ ದೂರದ ಒಂದು ಕೋಟಿಯ ಒಂದು ಭಾಗ ಮೀಟರ್. ಅದಕ್ಕಾಗಿ 1792ರಲ್ಲಿ ಡಲಾಂಬ್ರ್ ಮತ್ತು ಮೆಶೇನ್ ಎಂಬ ಇಬ್ಬರು ಖಗೋಳಜ್ಞರು ಡಂಕರ್ಕ್‌ನಿಂದ ಬಾರ್ಸಿಲೋನಾವರೆಗಿನ ರೇಖಾಂಶವನ್ನು ಅಳೆಯಲು ಹೊರಟರು. ಒಂದು ವರ್ಷದ ಕೆಲಸವೆಂದು ಹೊರಟವರಿಗೆ ಆರೇಳು ವರ್ಷ ಹಿಡಿಯಿತು. ನಡುವೆ ಯುದ್ಧ, ಅನುಮಾನ, ಬಂಧನ. ಮೆಶೇನ್‌ಗೆ ಬಾರ್ಸಿಲೋನಾದ ಎರಡು ಕಡೆ ಅಳೆದ ಅಕ್ಷಾಂಶಗಳ ನಡುವೆ ಸುಮಾರು ಮೂರು ಸೆಕೆಂಡಿನಷ್ಟು ಕೋನದ ವ್ಯತ್ಯಾಸ ಕಂಡಿತು. ಎಲ್ಲಿ ತಪ್ಪಿದೆನೆಂದು ತಿಳಿಯಲಿಲ್ಲ. ಹೇಳಿಕೊಳ್ಳಲೂ ಆಗದೆ ಬಚ್ಚಿಟ್ಟು ಕೊರಗಿದ, 1804ರಲ್ಲಿ ಸ್ಪೇನಿನಲ್ಲೇ ಜ್ವರ ಬಂದು ತೀರಿಕೊಂಡ. ಅವನ ಕಾಗದಗಳಲ್ಲಿ ಅದನ್ನು ಕಂಡುಕೊಂಡವನು ಜೊತೆಗಾರ ಡಲಾಂಬ್ರ್. ಆ ಪುಟಗಳನ್ನು ಅವನು ಸುಡಲಿಲ್ಲ, ಮುಂದಿನವರು ನೋಡಲೆಂದು ಪ್ಯಾರಿಸ್ಸಿನ ವೀಕ್ಷಣಾಲಯದಲ್ಲಿ ಜೋಪಾನವಾಗಿಟ್ಟ. ನನಗೆ ಮೆಶೇನ್‌ನ ಬಗ್ಗೆ ಓದುವಾಗಲೆಲ್ಲ ಇದ್ದಿಲ ಒಲೆಯ ಪಕ್ಕ ನಿಂತ ಅಪ್ಪ ನೆನಪಾಗುತ್ತಾರೆ. ತಪ್ಪು ಮಾಡಿದವನಿಗಿಂತ, ತಪ್ಪು ಎಲ್ಲಿ ಶುರುವಾಯಿತೆಂದು ಗೊತ್ತಿಲ್ಲದವನ ಸಂಕಟ ದೊಡ್ಡದು.

ತೂಕವನ್ನು ಮೀಟರಿನಿಂದಲೇ ಹುಟ್ಟಿಸಿದರು, ನೀರಿನ ಮೂಲಕ. ಮೀಟರಿನ ಹತ್ತನೇ ಒಂದು ಭಾಗ ಉದ್ದ, ಅಗಲ, ಎತ್ತರದ ಪಾತ್ರೆಯಲ್ಲಿ ಹಿಡಿಯುವ ನೀರಿನ ತೂಕ ಒಂದು ಕಿಲೋಗ್ರಾಂ. 1793ರ ಆರಂಭದಲ್ಲಿ ಈ ನೀರನ್ನು ತೂಗಿದವರು ಲವಾಸಿಯೆ ಮತ್ತು ಆಯುಯಿ. ಆಧುನಿಕ ರಸಾಯನಶಾಸ್ತ್ರಕ್ಕೆ ತಕ್ಕಡಿಯ ಶಿಸ್ತು ಕಲಿಸಿದವನು ಲವಾಸಿಯೆ. ಅವನೇ ಹಳೆಯ ಆಡಳಿತದಲ್ಲಿ ತೆರಿಗೆ ವಸೂಲಿಯ ಗುತ್ತಿಗೆದಾರರಲ್ಲೂ ಒಬ್ಬನಾಗಿದ್ದ. ಆ ವರ್ಷದ ಕೊನೆಗೆ ಸೆರೆಯಾದ, ತೂಕ-ಅಳತೆಯ ಸಮಿತಿಯಿಂದ ಹೆಸರು ಹೊಡೆದುಹಾಕಿದರು, 1794ರ ಮೇ 8ರಂದು ಗಿಲೊಟಿನ್‌ಗೆ ತಲೆ ಕೊಟ್ಟ. ಕಿಲೋಗ್ರಾಮಿನ ಕೆಲಸವನ್ನು ಬೇರೆಯವರು ಮುಗಿಸಿದರು.

ಅದೇ 1794ರಲ್ಲಿ ಡೋಂಬೆ ಎಂಬ ಸಸ್ಯಶಾಸ್ತ್ರಜ್ಞ ತಾಮ್ರದ ಒಂದು ಕೋಲು, ಒಂದು ಕಲ್ಲು ಹೊತ್ತು ಅಮೆರಿಕಕ್ಕೆ ಹಡಗು ಹತ್ತಿದ. ಹೊಸ ಗಣರಾಜ್ಯ ಹೊಸ ಅಳತೆಯನ್ನು ಒಪ್ಪಲಿ ಎಂಬ ಆಸೆ. ಬಿರುಗಾಳಿ ಹಡಗನ್ನು ಕೆರಿಬಿಯನ್ ದ್ವೀಪಗಳತ್ತ ನೂಕಿತು, ಕಡಲ್ಗಳ್ಳರು ಹಿಡಿದರು, ಮಾಂಟ್ಸೆರಾಟ್ ದ್ವೀಪದಲ್ಲಿ ಸೆರೆಯಾಳಾಗಿಯೇ ಸತ್ತ. ಅಮೆರಿಕ ಇಂದಿಗೂ ಅಂಗಡಿಯಲ್ಲಿ ಪೌಂಡಿನಲ್ಲಿ ತೂಗುತ್ತಿರುವುದಕ್ಕೆ ಈ ಒಬ್ಬನ ಸಾವೇ ಕಾರಣ ಎನ್ನಲಾರೆ, ಹಾಗೆ ಹೇಳುವುದು ಅತಿಯಾದೀತು. ಆದರೂ ಒಂದು ಕಲ್ಲನ್ನು ಇನ್ನೊಂದು ಊರಿಗೆ ಮುಟ್ಟಿಸಲು ಹೋಗಿ ಪ್ರಾಣ ಬಿಟ್ಟವನನ್ನು ನೆನೆಯದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ.

1799ರ ಜೂನ್ 22ರಂದು ಪ್ಲಾಟಿನಂನ ಒಂದು ಮೀಟರ್ ಪಟ್ಟಿ, ಒಂದು ಕಿಲೋಗ್ರಾಂ ಕಲ್ಲು ಪ್ಯಾರಿಸ್ಸಿನ ದಾಖಲೆ ಭಂಡಾರ ಸೇರಿದವು. ಎಲ್ಲ ಕಾಲಕ್ಕೂ, ಎಲ್ಲ ಜನರಿಗೂ ಎಂಬುದು ಅವರ ಘೋಷಣೆ. ಮುಂದೆ ಭೂಮಿಯನ್ನು ಇನ್ನೂ ಚೆನ್ನಾಗಿ ಅಳೆದಾಗ ಮೀಟರ್ ಪಟ್ಟಿ ಸುಮಾರು 0.2 ಮಿಲಿಮೀಟರ್ ಗಿಡ್ಡ ಎಂದೂ, ನೀರನ್ನು ಇನ್ನೂ ಚೆನ್ನಾಗಿ ತೂಗಿದಾಗ ಕಲ್ಲು ಸುಮಾರು 28 ಮಿಲಿಗ್ರಾಂ ಭಾರ ಎಂದೂ ತಿಳಿಯಿತು. ಆಗ ಏನು ಮಾಡಬೇಕು? ಭೂಮಿಗೆ, ನೀರಿಗೆ ಹೊಂದುವಂತೆ ಹೊಸದು ಮಾಡಿದರೆ ನಾಳೆ ಇನ್ನೂ ಸೂಕ್ಷ್ಮವಾಗಿ ಅಳೆದವನು ಮತ್ತೆ ಬದಲಿಸಬೇಕು. 1872ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ನಾನಾ ದೇಶಗಳ ಸಮಿತಿ ಭೂಮಿಯನ್ನೂ ನೀರನ್ನೂ ಕೈಬಿಟ್ಟಿತು. ಭಂಡಾರದಲ್ಲಿರುವ ಪಟ್ಟಿಯೇ ಮೀಟರ್, ಭಂಡಾರದಲ್ಲಿರುವ ಕಲ್ಲೇ ಕಿಲೋಗ್ರಾಂ. ಇದು ಸರಿಯಾದ ತೀರ್ಮಾನ ಎಂದೇ ನನ್ನ ಅಭಿಪ್ರಾಯ. ಆದರೆ ಪ್ರಕೃತಿಯ ಕೈಯಿಂದ ಸಾಕ್ಷಿಯ ಕೆಲಸ ತಪ್ಪಿ, ಮನುಷ್ಯ ಮಾಡಿದ ಒಂದು ವಸ್ತುವಿನ ಹೆಗಲೇರಿದ್ದು ಅಂದೇ.

1875ರ ಮೇ 20ರಂದು 17 ದೇಶಗಳು ಮೀಟರ್ ಒಪ್ಪಂದಕ್ಕೆ ಸಹಿ ಹಾಕಿದವು. ನೂರಕ್ಕೆ ತೊಂಬತ್ತು ಪಾಲು ಪ್ಲಾಟಿನಂ, ಹತ್ತು ಪಾಲು ಇರಿಡಿಯಂ ಬೆರೆಸಿ ಹೊಸ ಕಲ್ಲುಗಳನ್ನು ಮಾಡಿಸಿದರು. ಮೊದಲು ಬಂದ ಮೂರರಲ್ಲಿ ಮೂರನೆಯದು ಭಂಡಾರದ ಹಳೆಯ ಕಲ್ಲಿಗೆ ಕೂದಲೆಳೆಯ ವ್ಯತ್ಯಾಸವೂ ಕಾಣದಷ್ಟು ಹೊಂದಿತು. 1889ರಲ್ಲಿ ಅದಕ್ಕೆ ಪಟ್ಟ ಕಟ್ಟಿದರು. ಎತ್ತರ 39 ಮಿಲಿಮೀಟರ್, ಅಡ್ಡಳತೆಯೂ ಅಷ್ಟೇ, ಅಂಗೈಯಲ್ಲಿ ಮುಚ್ಚಿ ಹಿಡಿಯಬಹುದಾದ ಉರುಟು ಕಲ್ಲು. ಒಂದರ ಮೇಲೊಂದು ಗಾಜಿನ ಗಂಟೆ ಮುಚ್ಚಿ, ಮೂವರ ಬಳಿ ಮೂರು ಬೀಗದ ಕೈ ಇರುವ ನೆಲಮಾಳಿಗೆಯಲ್ಲಿ ಇಟ್ಟರು. ಪ್ರತಿಗಳನ್ನು ದೇಶಗಳಿಗೆ ಚೀಟಿ ಎತ್ತಿ ಹಂಚಿದರು.

ಭಾರತದಲ್ಲಿ 1956ರಲ್ಲಿ ಮೆಟ್ರಿಕ್ ತೂಕದ ಕಾನೂನು ಬಂತು, 1962ರ ಹೊತ್ತಿಗೆ ಸೇರಿನ ಜಾಗದಲ್ಲಿ ಕಿಲೋ ಕಡ್ಡಾಯವಾಯಿತು. ಅಪ್ಪನಿಗೆ ಆಗ ಹದಿನೇಳು ವರ್ಷ, ಅಂಗಡಿ ತಾತನದು. ಎಂಬತ್ತು ತೊಲದ ಸೇರು ಎಂದರೆ ಸುಮಾರು 933 ಗ್ರಾಂ. ಕಿಲೋ ಅದಕ್ಕಿಂತ ತುಸು ಹೆಚ್ಚು, ಹಾಗಾಗಿ ಬೆಲೆಯೂ ತುಸು ಹೆಚ್ಚು. ಬೆಲೆ ಏರಿಸಿದಿರಿ ಎಂದು ಜಗಳಕ್ಕೆ ಬಂದವರಿಗೆ ತಾತ ಎರಡೂ ಕಲ್ಲುಗಳನ್ನು ತಕ್ಕಡಿಯ ಎರಡು ತಟ್ಟೆಗಿಟ್ಟು ಎತ್ತಿ ತೋರಿಸುತ್ತಿದ್ದರಂತೆ. ಬಾಯಿಮಾತು ಬೇಕಾಗುತ್ತಿರಲಿಲ್ಲವಂತೆ.

ಇನ್ನು ಸೆವ್ರ್‌ನ ಆ ನೆಲಮಾಳಿಗೆಗೆ ಬರುತ್ತೇನೆ. ಕೊನೆಯ ಕಲ್ಲನ್ನು ಹೊರತೆಗೆಯುವುದು ಬಲು ಅಪರೂಪ, ಏಕೆಂದರೆ ಮುಟ್ಟಿದರೆ ಸವೆಯುತ್ತದೆ, ಬಿಟ್ಟರೆ ಗಾಳಿಯ ಕೊಳೆ ಕೂರುತ್ತದೆ. ತೆಗೆದಾಗ ಈಥರ್ ಮತ್ತು ಆಲ್ಕೋಹಾಲಿನಲ್ಲಿ ನೆನೆಸಿದ ಮೆದುವಾದ ತೊಗಲಿನಿಂದ ಒರೆಸಿ, ಎರಡು ಸಲ ಭಟ್ಟಿ ಇಳಿಸಿದ ನೀರಿನ ಹಬೆಯಲ್ಲಿ ತೊಳೆಯುತ್ತಿದ್ದರು. ದೇವರ ಮೂರ್ತಿಗೆ ಅಭಿಷೇಕ ಮಾಡಿಸುವಷ್ಟು ಶ್ರದ್ಧೆ. ಹಾಗೆ 1988ರಿಂದ 1992ರ ನಡುವೆ ಪ್ರತಿಗಳ ಜೊತೆ ಇಟ್ಟು ತೂಗಿದಾಗ ಕಂಡದ್ದು: ನೂರು ವರ್ಷದಲ್ಲಿ ಪ್ರತಿಗಳಿಗೂ ಕೊನೆಯ ಕಲ್ಲಿಗೂ ನಡುವೆ ಸುಮಾರು 50 ಮೈಕ್ರೋಗ್ರಾಂ ಅಂತರ ಬಿದ್ದಿದೆ. ಪ್ರತಿಗಳು ಹೆಚ್ಚುಕಡಿಮೆ ಎಲ್ಲವೂ ಭಾರದ ಕಡೆಗೇ ಸರಿದಿವೆ.

ಪ್ರತಿಗಳು ಭಾರವಾದವೋ, ಮೂಲ ಹಗುರವಾಯಿತೋ? ಯಾರೂ ಹೇಳುವಂತಿರಲಿಲ್ಲ. ಮೂಲ ಹಗುರವಾಯಿತು ಎನ್ನಲು ಕಾನೂನೂ ಬಿಡುತ್ತಿರಲಿಲ್ಲ. ಕಿಲೋಗ್ರಾಂ ಎಂದರೆ ಆ ಕಲ್ಲು ಎಂದಮೇಲೆ ಆ ಕಲ್ಲು ಒಂದು ಕಿಲೋಗ್ರಾಮಿಗಿಂತ ಕಡಿಮೆ ಆಗುವುದಾದರೂ ಹೇಗೆ? ಅದರಿಂದ ಒಂದು ಚೂರು ಉದುರಿದರೆ ಉಳಿದ ಲೋಕವೆಲ್ಲ ಅಷ್ಟು ಭಾರವಾಯಿತು ಎನ್ನಬೇಕು. ತಿಪಟೂರಿನ ಅಕ್ಕಿ, ಹಿಮಾಲಯ, ಸೂರ್ಯ, ಎಲ್ಲವೂ. ಅಪ್ಪನ ಎರಡು ಕೆಜಿ ಕಲ್ಲಿನ ಸೀಸ ಉದುರಿದಾಗ ಅದನ್ನು ತೋರಿಸಿಕೊಡಲು ಒಂದು ಹಿತ್ತಾಳೆ ಕಲ್ಲಿತ್ತು. ಇಲ್ಲಿ ಎದುರು ತಟ್ಟೆ ಖಾಲಿ.

ಈ ದಿನ ಬರಬಹುದೆಂದು ಮೊದಲೇ ಕಂಡವರಿದ್ದರು. 1870ರಲ್ಲಿ ಲಿವರ್‌ಪೂಲ್‌ನಲ್ಲಿ ಮಾತಾಡುತ್ತಾ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಹೇಳಿದ್ದ: ಭೂಮಿ ತಣ್ಣಗಾಗಿ ಕುಗ್ಗಬಹುದು, ತಿರುಗುವ ವೇಗ ಬದಲಾಗಬಹುದು. ಬದಲಾಗದ ಅಳತೆ ಬೇಕಿದ್ದರೆ ಗ್ರಹದಲ್ಲಿ ಹುಡುಕಬೇಡಿ, ಒಂದರಂತೆ ಇನ್ನೊಂದಿರುವ, ಎಂದೂ ಸವೆಯದ ಅಣುಗಳಲ್ಲಿ ಹುಡುಕಿ. ಮೀಟರ್ ಆ ದಾರಿ ಹಿಡಿಯಿತು. 1960ರಲ್ಲಿ ಕ್ರಿಪ್ಟಾನ್ ಬೆಳಕಿನ ಅಲೆಗೆ, 1983ರಲ್ಲಿ ಬೆಳಕಿನ ವೇಗಕ್ಕೆ ಕಟ್ಟಿಕೊಂಡು ಪಟ್ಟಿಯ ಹಂಗು ತೊರೆಯಿತು. ಕಿಲೋಗ್ರಾಂ ಮಾತ್ರ ಲೋಹದ ತುಂಡಾಗಿಯೇ ಉಳಿಯಿತು.

ಅದನ್ನು ಬಿಡಿಸಿದ ತಕ್ಕಡಿಯನ್ನು ಯೋಚಿಸಿದವನು ಇಂಗ್ಲೆಂಡಿನ ಬ್ರಯನ್ ಕಿಬಲ್, 1975ರಲ್ಲಿ. ಒಂದು ಕಡೆ ಕಲ್ಲು, ಇನ್ನೊಂದು ಕಡೆ ಕಲ್ಲಿನ ಬದಲು ವಿದ್ಯುತ್ತು. ಕಾಂತಕ್ಷೇತ್ರದಲ್ಲಿ ತೂಗುಬಿಟ್ಟ ತಂತಿಯ ಸುರುಳಿಗೆ ಕರೆಂಟ್ ಹರಿಸಿ, ಆ ಬಲದಿಂದ ಕಲ್ಲಿನ ಭಾರವನ್ನು ಸರಿತೂಗಿಸುವುದು. ಸುರುಳಿಯ ಉದ್ದವನ್ನೂ ಕಾಂತದ ಬಲವನ್ನೂ ಕರಾರುವಾಕ್ಕಾಗಿ ಅಳೆಯುವುದೇ ಕಷ್ಟ. ಕಿಬಲ್‌ನ ಜಾಣತನ ಇರುವುದು ಇಲ್ಲಿ. ಕಲ್ಲನ್ನು ಕೆಳಗಿಳಿಸಿ, ಅದೇ ಸುರುಳಿಯನ್ನು ಅದೇ ಕಾಂತಕ್ಷೇತ್ರದಲ್ಲಿ ಮೇಲೆ ಕೆಳಗೆ ಆಡಿಸಿ, ಹುಟ್ಟುವ ವೋಲ್ಟೇಜ್ ಅಳೆದ. ಎರಡು ಲೆಕ್ಕವನ್ನೂ ಪಕ್ಕಪಕ್ಕ ಇಟ್ಟರೆ ಉದ್ದವೂ ಕಾಂತದ ಬಲವೂ ಒಂದಕ್ಕೊಂದು ಹೊಡೆದುಹೋಗುತ್ತವೆ. ಉಳಿಯುವುದು ವೇಗ, ಗುರುತ್ವ, ವೋಲ್ಟೇಜ್, ಕರೆಂಟ್. ಈ ವಿದ್ಯುತ್ ಅಳತೆಗಳನ್ನು ಪ್ರಕೃತಿಯ ಸ್ಥಿರಾಂಕಗಳಿಗೆ ಜೋಡಿಸುವ ಎರಡು ಕೊಂಡಿಗಳು ಸಿಕ್ಕಿದ್ದವು: 1962ರಲ್ಲಿ 22ರ ಹುಡುಗ ಬ್ರಯನ್ ಜೋಸೆಫ್‌ಸನ್ ಊಹಿಸಿದ ಪರಿಣಾಮ, 1980ರಲ್ಲಿ ಕ್ಲಾಸ್ ಫಾನ್ ಕ್ಲಿಟ್ಸಿಂಗ್ ಕಂಡ ಕ್ವಾಂಟಂ ಹಾಲ್ ಪರಿಣಾಮ. ಎರಡರಲ್ಲೂ ಪ್ಲಾಂಕ್ ಸ್ಥಿರಾಂಕ ಇದೆ, ಎಲ್ಲೆಡೆಯೂ ಎಂದೆಂದಿಗೂ ಒಂದೇ ಆಗಿರುವ ಪ್ರಕೃತಿಯ ಒಂದು ಸಂಖ್ಯೆ. ಕಲ್ಲಿನ ಭಾರವನ್ನು ನೇರವಾಗಿ ಆ ಸ್ಥಿರಾಂಕದ ಎದುರು ತೂಗಬಹುದಾಯಿತು.

ಒಬ್ಬನೇ ಸಾಕ್ಷಿ ಸಾಲದು ಎಂದು ಇನ್ನೊಂದು ದಾರಿಯನ್ನೂ ತುಳಿದರು. ಸಿಲಿಕಾನ್-28 ಎಂಬ ಒಂದೇ ಬಗೆಯ ಪರಮಾಣುಗಳಿಂದ ಸುಮಾರು 94 ಮಿಲಿಮೀಟರ್ ಅಡ್ಡಳತೆಯ, ಒಂದು ಕಿಲೋ ತೂಗುವ ಗುಂಡು ಮಾಡಿ, ಅದರೊಳಗೆ ಎಷ್ಟು ಪರಮಾಣುಗಳಿವೆ ಎಂದು ಎಣಿಸಿದರು. ಆ ಎಣಿಕೆಯಿಂದಲೂ ಪ್ಲಾಂಕ್ ಸ್ಥಿರಾಂಕದ ಬೆಲೆಯನ್ನು ಲೆಕ್ಕ ಹಾಕಬಹುದು. ಭೂಮಿಯಷ್ಟು ದೊಡ್ಡದು ಮಾಡಿದರೂ ಅದರ ಉಬ್ಬುತಗ್ಗು ಕೆಲವೇ ಮೀಟರ್ ಇದ್ದೀತು, ಅಷ್ಟು ದುಂಡು. ಒಂದು ಕಡೆ ವಿದ್ಯುತ್ತು, ಇನ್ನೊಂದು ಕಡೆ ಪರಮಾಣುಗಳ ಎಣಿಕೆ. ಒಬ್ಬರಿಗೊಬ್ಬರ ಮುಖಪರಿಚಯವಿಲ್ಲದ ಇಬ್ಬರು ಸಾಕ್ಷಿಗಳು. ವರ್ಷಗಟ್ಟಲೆ ಅವರ ಮಾತು ಹೊಂದಲಿಲ್ಲ. ಹೊಂದದಿದ್ದಾಗ ಯಾರೂ ಅವಸರ ಮಾಡಲಿಲ್ಲ, ಎಲ್ಲಿ ತಪ್ಪಿದೆ ಎಂದು ಹುಡುಕಿದರು, ಕಾದರು. ಇಡೀ ಕಥೆಯಲ್ಲಿ ನನಗೆ ಬಹಳ ಇಷ್ಟವಾದದ್ದು ಆ ಕಾಯುವಿಕೆ. ಹೊಂದಿದ ಮೇಲಷ್ಟೇ, 2018ರ ನವೆಂಬರ್ 16ರಂದು ವರ್ಸೈ ನಗರದಲ್ಲಿ, ಕಿಲೋಗ್ರಾಮನ್ನು ಕಲ್ಲಿನಿಂದ ಬಿಡಿಸಿ ಆ ಸ್ಥಿರಾಂಕಕ್ಕೆ ಕಟ್ಟುವುದನ್ನು ಮತಕ್ಕೆ ಹಾಕಿದರು. ಒಂದೊಂದೇ ದೇಶದ ಹೆಸರು ಕೂಗಿದಾಗ ಪ್ರತಿನಿಧಿಗಳು ಹೌದು ಎನ್ನುವುದನ್ನು ನಾನು ಫೋನಿನಲ್ಲಿ ನೋಡಿದೆ. ಭಾರತದ ಸರದಿ ಬಂದಾಗ ಕಣ್ಣು ತುಂಬಿತು. ಕಿಬಲ್ 2016ರಲ್ಲೇ ತೀರಿಕೊಂಡಿದ್ದ, ಅವನ ಹೆಸರು ಆ ತಕ್ಕಡಿಗೆ ಉಳಿದಿದೆ.

2019ರ ಮೇ 20ರಿಂದ ಪ್ಲಾಂಕ್ ಸ್ಥಿರಾಂಕದ ಬೆಲೆ 6.62607015×10⁻³⁴ ಜೌಲ್ ಸೆಕೆಂಡ್ ಎಂದು ನಿಗದಿಯಾಗಿ, ಕಿಲೋಗ್ರಾಂ ಅದರಿಂದ ಹುಟ್ಟುತ್ತದೆ. ಸೆವ್ರ್‌ನ ಕಲ್ಲು ಈಗಲೂ ಅದೇ ನೆಲಮಾಳಿಗೆಯಲ್ಲಿದೆ. ಈಗ ಅದನ್ನೂ ತೂಗಬಹುದು, ಕಡಿಮೆ ಬಂದರೆ ಕಡಿಮೆ ಎನ್ನಬಹುದು. ಕೆಲಸ ಮುಗಿಯಿತು ಎಂದೇನಲ್ಲ. ಬೇರೆ ಬೇರೆ ದೇಶದ ಕಿಬಲ್ ತಕ್ಕಡಿಗಳ ನಡುವೆ ಇನ್ನೂ ಅತಿ ಸಣ್ಣ ವ್ಯತ್ಯಾಸಗಳಿವೆ. ಅವುಗಳ ಫಲಿತಾಂಶಗಳನ್ನೆಲ್ಲ ಒಟ್ಟಿಗಿಟ್ಟು, ಎಲ್ಲರೂ ಒಪ್ಪಿದ ಒಂದು ಬೆಲೆಯನ್ನು ಸದ್ಯಕ್ಕೆ ಬಳಸುತ್ತಿದ್ದಾರೆ.

ಆ ಮೇ 20 ಸೋಮವಾರ, ಬೇಸಿಗೆ ರಜ, ನಾನು ತಿಪಟೂರಿನಲ್ಲಿದ್ದೆ. ಅಂಗಡಿ ಮುಚ್ಚಿ ವರ್ಷಗಳಾಗಿದ್ದವು. ಕಲ್ಲುಗಳನ್ನು ಗುಜರಿಗೆ ಹಾಕಲು ಅಪ್ಪ ಒಪ್ಪಿರಲಿಲ್ಲ. ಎರಡು ಕೆಜಿಯದು ಅಡುಗೆಮನೆಯ ಬಾಗಿಲು ಬಡಿಯದಂತೆ ಕೆಳಗೆ ಕೂತಿತ್ತು. ಚಿಕ್ಕಂದಿನಲ್ಲಿ ಅರ್ಧಕ್ಕೆ ನಿಂತ ಮಾತಿಗೆ ಇವತ್ತು ಉತ್ತರ ಬಂದಿದೆ ಎಂದು ಕೂರಿಸಿಕೊಂಡು ಎಲ್ಲ ಹೇಳಿದೆ. ಕಲ್ಲು ಹೋಗಿ ಸಂಖ್ಯೆ ಬಂದದ್ದು, ವಿದ್ಯುತ್ತಿನ ತಕ್ಕಡಿ, ಸಿಲಿಕಾನ್ ಗುಂಡು. ಎಪ್ಪತ್ತನಾಲ್ಕರ ಅಪ್ಪ ತಲೆ ತಗ್ಗಿಸಿ ಕೇಳಿದರು. ನಡುವೆ ಒಂದೇ ಕಡೆ ತಡೆದರು.

"ಇಬ್ಬರ ಲೆಕ್ಕಾನೂ ತಾಳೆ ಆಯ್ತಾ?"

"ಆಯ್ತು ಅಪ್ಪ. ಆಗೋತನಕ ಕಾದ್ರು."

"ಎಷ್ಟು ವರ್ಷ?"

ಕಿಬಲ್ ಯೋಚಿಸಿದಂದಿನಿಂದ ಹಿಡಿದರೆ ನಲವತ್ತರ ಮೇಲೆ ಎಂದೆ. ಅಪ್ಪ ಎದ್ದುಹೋಗಿ ಬಾಗಿಲ ಬಳಿಯ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ತಂದು, ಬೋರಲು ಹಾಕಿ, ಅಡಿಯ ಸೀಸದ ಮೇಲೆ ಹೆಬ್ಬೆರಳು ಆಡಿಸಿದರು. ಮುದ್ರೆಯ ಅಕ್ಷರ ಮಾಸಿತ್ತು. ಸೀಸ ಗಟ್ಟಿಯಾಗಿಯೇ ಇತ್ತು.